ಐಗ್ಲಾಸು

ಅಂಗಡಿ ಅಂದ್ರೆ ಇಷ್ಟೇ,
ಮಂಡಿಪೇಟೆ ಕೊನೆಯಲ್ಲಿ ಬೆಲ್ಲದ ಮಂಡಿಯ ಗೋಡೆಗೊರಗಿದ ಮೂರಡಿ ಜಾಗ.
ಜೇನುನೊಣ ಬರ್ತವೆ, ಗಿರಾಕಿ ಕಮ್ಮಿ.
ಕೂತ್ಕೊ. ಗಂಗಹನುಮಯ್ಯನ ಮಗ ಅಲ್ವಾ ನೀನು?
ಕಾರ್ಖಾನೆ ಬಸ್ಸಲ್ಲಿ ನಿಮ್ಮಪ್ಪ
ಕಿಟಕಿ ಸೀಟು ಯಾರಿಗೂ ಬಿಟ್ಟುಕೊಟ್ಟವನಲ್ಲ.

ಕೊಡು ಇಲ್ಲಿ.

ಮೊದಲು ಕಣ್ಣು ಮುಚ್ಚಿ ಅಂಗೈಲಿಟ್ಟು ತೂಗಬೇಕು.
ಉಕ್ಕಿಗೆ ಒಂದು ಗಾಂಭೀರ್ಯ ಇರುತ್ತೆ.
ಇದು ನೋಡು, ಹುರಿಗಾಳಿನ ಪೊಟ್ಟಣ.
ಆಮೇಲೆ ಪಟ್ಟಿ. ಮುಂಗೈ ಮೇಲೆ ಹಿಂದೆ ಮುಂದೆ ಎಳೆ.
ಕೂದಲು ಕಿತ್ತಿತಾ? ಅಸಲಿ ಪಟ್ಟಿ ಕೀಳಲ್ಲ,
ಮೂರು ಲಕ್ಷ ತಗೊಂಡವನು ಅಷ್ಟು ಮರ್ಯಾದೆ ಇಟ್ಕೊಂಡಿರ್ತಾನೆ.

ಈಗ ಐಗ್ಲಾಸು.
ಬಲಗಣ್ಣಿನ ಸುತ್ತ ಗುಂಡನೆ ಗುರುತು ಕಾಣುತ್ತಲ್ಲ,
ಇಪ್ಪತ್ತೆಂಟು ವರ್ಷ ಬ್ಯಾಲೆನ್ಸ್ ವೀಲು ಕೂರಿಸಿದ್ದಕ್ಕೆ
ಕಾರ್ಖಾನೆ ಹಾಕಿದ ಮೊಹರು.
ನಮ್ಮ ಸಾಲಲ್ಲಿ ಎಲ್ಲಾ ಹೆಂಗಸರೇ. ಬಳೆ ಬಿಚ್ಚಿಟ್ಟು,
ತಲೆಗೆ ಬಿಳಿಬಟ್ಟೆ ಕಟ್ಟಿ. ಸೀನು ಬಂದ್ರೆ ಎದ್ದು ಹೊರಗೆ.
ಬೆಳ್ಳಾವಿ ಪಂಕಜಾಕ್ಷಿ ಒಂದ್ಸಲ ತಡೀಲಾರದೆ ಸೀನಿ
ನಲವತ್ತು ಸ್ಪ್ರಿಂಗು ಹಾರಿ, ಸಂಜೆವರೆಗೂ
ನೆಲದ ಮೇಲೆ ಅಯಸ್ಕಾಂತ ಎಳೆದಿದ್ದೀವಿ.

ಇಲ್ಲಿ ನೋಡು, ಅಕ್ಷರ. ಬರಿಗಣ್ಣಿಗೆ ಚೊಕ್ಕ.
ಗಾಜಿನಡಿ ಅಂಚೆಲ್ಲ ನೆಂದ ಸುಣ್ಣದ ಗೋಡೆ.
ತಾರೀಕು ತನ್ನ ಕಿಟಕಿಯೊಳಗೆ ಎರಡು ಕೂದಲು ಕೆಳಗೆ ಕೂತಿದೆ,
ಬಸ್ಸಲ್ಲಿ ಕುಳ್ಳ ಮಗು ಹೊರಗೆ ಇಣುಕೋ ಹಾಗೆ.
ಹನ್ನೆರಡರ ಗುರುತು ವಾರೆ.
ಬೆನ್ನ ಮೇಲಿನ ನಂಬರು ಕೆತ್ತಿದ್ದಲ್ಲ, ಗೀಚಿದ್ದು,
ಉಗುರಿಗೆ ತಡೆಯೋದೇ ಇಲ್ಲ.
ಕಿವಿಗಿಡು. ಕೇಳಿತಾ? ಟಕ್. ಟಕ್.
ಆ ಬೆಲೆಯದರಲ್ಲಿ ಸೆಕೆಂಡು ಮುಳ್ಳು ಕುಪ್ಪಳಿಸಲ್ಲ,
ಎಣ್ಣೆ ಸುರಿದ ಹಾಗೆ ಜಾರುತ್ತೆ.
ಇದರ ಹೊಟ್ಟೇಲಿರೋದು ಸೆಲ್ಲು, ನೂರಿಪ್ಪತ್ತು ರೂಪಾಯಿ ಮಿಷಿನ್ನು.
ಟೈಮೇನೋ ಸರಿಯಾಗೇ ತೋರಿಸುತ್ತೆ, ಆ ಮಾತು ಬೇರೆ.

ಕೊಳ್ಳಬೇಡ.
ಬಿಲ್ಲು ಕೊಡದೆ ಡಬ್ಬಿ ಮಾತ್ರ ಚೆಂದದ್ದು ಕೊಡೋನನ್ನ...
ಯಾಕೆ ಸುಮ್ಮನಾದೆ?

ಓ.
ಕೊಂಡಾಗಿದೆ.
ಗೊತ್ತಿದ್ದೇ ಕೊಂಡಿದ್ದೀಯ.

ಅಕ್ಕನ ಮದುವೆ. ಗಂಡಿನ ಕಡೆಯವರು ಹೆಸರು ಹಿಡಿದೇ ಕೇಳಿದ್ದಾರೆ,
ಇಂಥ ಕಂಪನಿ, ಇಂಥ ನೀಲಿ ಡಯಲ್ಲು, ಫೋಟೋ ಸಮೇತ.
ನೀನು ಬಂದಿದ್ದು ಇದು ನಕಲಿಯಾ ಅಂತ ಕೇಳೋಕಲ್ಲ,
ಅವರಿಗೆ ಗೊತ್ತಾಗುತ್ತಾ ಅಂತ.

ಯಾರು ಕೈಗೆ ತಗೊಂಡು ನೋಡೋದು? ಗಂಡಿನ ಚಿಕ್ಕಪ್ಪನಾ? ಏನು ಕೆಲಸ?
ಶಿರಾ ಗೇಟ್ ಹತ್ರ ಟೈರಂಗಡಿ.
ಹಾಗಾದ್ರೆ ತೂಕ ನೋಡ್ತಾನೆ.

ಎದ್ದು ಹೋಗು ಅನ್ನಬೇಕಿತ್ತು ನಾನು.
ನಾಲಿಗೆ ತುದಿಗೂ ಬಂದಿತ್ತು.
ಆದರೆ ಆ ಹನ್ನೆರಡು, ವಾರೆಯಾಗಿ ನಿಂತದ್ದು,
ಅದನ್ನ ಹಾಗೇ ಬಿಟ್ಟು ಕಳಿಸೋಕೆ ಈ ಬೆರಳಿಗೆ ಬರಲ್ಲ.
ಬೆನ್ನು ಬಿಚ್ಚಿದೆ. ಮುಳ್ಳು ಕಿತ್ತೆ. ಡಯಲ್ಲು ಎತ್ತಿ
ಚಿಮುಟದ ತುದಿಯಿಂದ ಒಂದೇ ತಳ್ಳು.
ತಾರೀಕಿನ ಬಿಲ್ಲೆ ಎರಡು ಕೂದಲು ಮೇಲಕ್ಕೆ.
ಒಳಗಿನ ಪೊಳ್ಳಿಗೆ ಮೀನುಬಲೆಯ ಸೀಸ ತಟ್ಟಿ ಕೂರಿಸಿದೆ.
ಪಟ್ಟಿಯ ಒಂದೊಂದು ಅಂಚೂ ಉಜ್ಜಿದೆ.
ಚೆಕಿಂಗ್ ರೂಮಿನ ವರದರಾಜಯ್ಯ ಇದ್ದಿದ್ರೆ
ಈಗ ಪಾಸು ಅಂತಿದ್ರು.
ನನ್ನ ಮುಖ ಮಾತ್ರ ನೋಡ್ತಿರಲಿಲ್ಲ.

ದುಡ್ಡು ಜೇಬಿಗೆ ಹಾಕು. ಹಾಕು ಅಂದೆ.

ಆ ಸೆಕೆಂಡು ಮುಳ್ಳೊಂದು ನನ್ನ ಕೈಲಾಗಲಿಲ್ಲಪ್ಪ.
ಛತ್ರದಲ್ಲಿ ವಾಲಗ ಇರುತ್ತೆ, ಯಾರಿಗೂ ಕೇಳಲ್ಲ.
ನಿಮ್ಮಕ್ಕನಿಗೆ ಮಾತ್ರ ಮೊದಲೇ ಹೇಳಿಡು.
ಅವನು ಬಿಚ್ಚಿ ದಿಂಬಿನ ಪಕ್ಕ ಇಡ್ತಾನೆ,
ದೀಪ ಆರಿಸ್ತಾರೆ,
ಅವಳಿಗೆ ಕೇಳೋಕೆ ಶುರುವಾಗುತ್ತೆ.