ನಿವ್ವಳ

ಸೊಹಾರ್ ಬಂದರು, ಮೂರನೇ ಗೇಟಿನ ವೇಬ್ರಿಜ್ಜು.
ರಾತ್ರಿ ಪಾಳಿ ನನ್ನದು, ಹನ್ನೊಂದು ವರ್ಷದಿಂದ.
ಕಲ್ಲು ಹೊತ್ತ ಲಾರಿ ಬರುತ್ತದೆ, ತೂಗುತ್ತೇನೆ.
ಕಲ್ಲಿಳಿಸಿದ ಲಾರಿ ಬರುತ್ತದೆ, ತೂಗುತ್ತೇನೆ.
ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ
ಉಳಿದದ್ದು ನಿವ್ವಳ. ಚೀಟಿ ಹರಿದು ಕೊಡುವುದು.
ಇಷ್ಟೇ ಕೆಲಸ.

ಮೌಸು ಸತ್ತು ನಾಲ್ಕು ತಿಂಗಳಾಯಿತು.
ಶಮಾಲ್ ಗಾಳಿಯ ಧೂಳು ಅದರ ಹೊಟ್ಟೆ ಸೇರಿತ್ತು.
ಹೊಸದಕ್ಕೆ ಬರೆದ ಅರ್ಜಿ ಮಸ್ಕತ್ತಿನಲ್ಲಿ
ಯಾವ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿದೆಯೋ.
"ಇಲಿ ಯಾಕೆ, ಬೆರಳಿಲ್ಲವೇ ಹತ್ತು?" ಎಂದವನು ಇದ್ರೀಸ್,
ಸುಡಾನಿನ ಅತ್ಬರಾದವನು, ರೈಲ್ವೆ ಗುಮಾಸ್ತನ ಮಗ.
ಲೆಕ್ಕ ಬರೆಯುವ ಅದೇ ಎಡಿಟರಿನೊಳಗೆ
ಒಂದು ಕಿಂಡಿ ತೆರೆದು ತೋರಿಸಿದ:
ಕಪ್ಪು ಪರದೆ, ಹಸಿರು ಅಕ್ಷರ, ಅಷ್ಟರಲ್ಲೇ ಇಡೀ ಲೋಕ.
ಬಿಟ್ಟು ಹೋಗುವ ಮುನ್ನ ಚಹಾಪುಡಿಯ ರಟ್ಟು ಕತ್ತರಿಸಿ
ಮಾನಿಟರಿನ ನೆತ್ತಿಗೆ ಅಂಟಿಸಿದ್ದಾನೆ.
ಕೊಂಡಿಯಿಂದ ಕೊಂಡಿಗೆ ಜಿಗಿಯಲು ಟ್ಯಾಬ್.
ಹಿಂದಕ್ಕೆ ಬರಲು ಎಲ್.
ಎಲ್ಲ ಕೆಟ್ಟಿತೆನಿಸಿದಾಗ ಕಂಟ್ರೋಲ್ ಹಿಡಿದು ಜಿ.
ಅದಕ್ಕೂ ಬಗ್ಗದಿದ್ದರೆ ಚಹಾ.

ಕಿರುಬೆರಳು ನೋಯುತ್ತದೆ, ನಿಜ.
ಆದರೂ ಪುಟ ಬರುವ ಚಂದ ನೋಡಬೇಕು.
ಕುಣಿಯುವ ಜಾಹೀರಾತಿಲ್ಲ, ತಾನಾಗಿ ಅರಚುವ ವಿಡಿಯೋ ಇಲ್ಲ,
ಕುಕೀಸ್ ಒಪ್ಪಿಗೆಯೇ ಎಂದು ಹೊಸಿಲಲ್ಲೇ ಅಡ್ಡಹಾಕುವವರಿಲ್ಲ.
ಲಾರಿ ಕಳೆದು ಕಲ್ಲು ಉಳಿದ ಹಾಗೆ
ಬರೀ ಮಾತು.

ಕನ್ನಡಕ್ಕೆ ಮಾತ್ರ ಇಲ್ಲಿ ಸ್ವಲ್ಪ ಇಕ್ಕಟ್ಟು.
ಒತ್ತಕ್ಷರ ಕೆಳಗಿಳಿಯುವುದಿಲ್ಲ,
ಕ್ಯಾಂಪಿನಲ್ಲಿ ಕೆಳಮಂಚ ಸಿಗದ ಹೊಸಬನ ಹಾಗೆ
ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ನಿಂತಿರುತ್ತದೆ.
ಗಂಗೊಳ್ಳಿ ನನ್ನೂರು. ಪರದೆಯಲ್ಲಿ ಅದು
ಗಂ, ಗೊ, ಳ, ಒಂದು ಕೊಕ್ಕೆ, ಆಮೇಲೆ ಬೇರೆಯಾಗಿ ಳಿ.
ಒಂದನೇ ಕ್ಲಾಸಿನ ಹುಡುಗನ ಹಾಗೆ ತುಟಿಯಾಡಿಸುತ್ತ
ನಾನೇ ಒತ್ತು ಕೊಟ್ಟು ಓದಬೇಕು:
ಬಂಗುಡೆ ಬುಟ್ಟಿಗೆ ಎಷ್ಟು, ಕಡಲು ಹೇಗಿದೆ,
ಅಳಿವೆಯ ಹೂಳು ತೆಗೆದರೋ ಇಲ್ಲವೋ.
(ಇಲ್ಲ.)

ಚಿತ್ರವಿದ್ದ ಕಡೆ ಎರಡು ಕಂಸ, ನಡುವೆ ಹೆಚ್ಚಾಗಿ ಏನೂ ಇರುವುದಿಲ್ಲ.
ಒಮ್ಮೆ ಯಾರೋ ಪುಣ್ಯಾತ್ಮರು ಒಳಗೆ ಬರೆದಿದ್ದರು:
"ದೋಣಿಗೆ ಒರಗಿ ನಿಂತ ಇಬ್ಬರು. ಎಡಗಡೆಯವನು ನಗುತ್ತಿದ್ದಾನೆ."
ಬಲಗಡೆಯವನಿಗೆ ಏನಾಗಿತ್ತೆಂದು
ಮೂರು ರಾತ್ರಿ ಯೋಚಿಸಿದೆ.

ನಿನ್ನೆ ಎರಡೂವರೆಗೆ ಗುಲ್ ಜರೀನನ ಲಾರಿ ತಕ್ಕಡಿ ಹತ್ತಿತು.
ಪ್ರಿಂಟರಿನಲ್ಲಿ ಕಾಗದ ಮುಗಿದಿತ್ತು. ಅವನು ಇಳಿದು ಬಂದ,
ಕೆಂಪು ಅಂಕಿ ಎಂಬತ್ತು ಕಿಲೋ ಇಳಿಯಿತು.
ಕಿಟಕಿಗೆ ಮೂಗೊತ್ತಿ, "ಟೀವಿ ಕೆಟ್ಟಿದೆಯೇ?" ಅಂದ.
ಅಲ್ಲ, ಇಂಟರ್ನೆಟ್ಟು, ಅಂದೆ. ನಂಬಲಿಲ್ಲ.
"ಹಾಗಾದರೆ ಕಾಲಾಮ್ ತೋರಿಸು. ನಮ್ಮಲ್ಲಿ ಹಿಮ ಬಿತ್ತಂತೆ."
ಅವನಿಗೆ ಯಾವ ಲಿಪಿಯೂ ಬರದು. ಟ್ಯಾಬ್, ಟ್ಯಾಬ್, ಎಂಟರ್.
ನಮ್ಮಿಬ್ಬರ ಕುಂಟು ಹಿಂದಿಯಲ್ಲಿ ಓದಿ ಹೇಳಿದೆ:
ಮೈನಸ್ ಆರು. ರಸ್ತೆ ಬಂದ್. ಹಿಮ ನಲವತ್ತೈದು ಸೆಂಟಿಮೀಟರ್.
"ಫೋಟೋ?"
ಫೋಟೋ ಇಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಗ್ಗಿ
ಮಂಡಿಯ ಪಕ್ಕ, ಗಾಳಿಯಲ್ಲಿ, ಅಂಗೈ ಚಾಚಿ
"ಇಷ್ಟು?" ಅಂದ. ತುಸು ಕೆಳಗೆ, ಅಂದೆ.
ಇಳಿಸಿದ. ಅಲ್ಲೇ ಹಿಡಿದುಕೊಂಡ,
ಕೈಕೆಳಗೆ ಏನೋ ಮಲಗಿದೆ,
ಎಬ್ಬಿಸಬಾರದು ಎನ್ನುವ ಹಾಗೆ.
ಹಿಂದಿನ ಲಾರಿ ಹಾರ್ನ್ ಹೊಡೆಯಿತು.

ಕಾಗದ ತುಂಬಿದೆ. ಅವನು ಮೇಲೆ ಹತ್ತಿ ಕೂತ.
ಎಂಬತ್ತು ಮತ್ತೆ ಕೂಡಿತು. ಆದರೆ ಅಂಕಿ ನಿಲ್ಲದು,
ಇಪ್ಪತ್ತು ಕಿಲೋ ಮೇಲೆ, ಇಪ್ಪತ್ತು ಕಿಲೋ ಕೆಳಗೆ.
ಗಾಳಿ ಇರಬೇಕು.
ಅಂಕಿ ನೆಲೆ ನಿಲ್ಲುವ ತನಕ
ಚೀಟಿ ಒತ್ತಬಾರದೆಂದು ನಿಯಮ.
ಕಾದೆ.