ಹನ್ನೆರಡೂವರೆ ಹಾಡು

ದುರ್ಗಿಗುಡಿಯ ಮಹಡಿಯ ಮೇಲೆ, ಟೈಲರ್ ಅಂಗಡಿಯ ಪಕ್ಕ
ಇಮ್ತಿಯಾಜನ ರೆಕಾರ್ಡಿಂಗ್ ಸೆಂಟರು.
ಕ್ಯಾಸೆಟ್ಟು ನಮ್ಮದಾದರೆ ಹತ್ತು ರೂಪಾಯಿ, ಅವನದಾದರೆ ಇಪ್ಪತ್ತೆಂಟು.
ಪಟ್ಟಿ ಕೊಟ್ಟು ಹೋಗಬೇಕು, ಮುಂದಿನ ಶನಿವಾರ ಬರಬೇಕು.

ಭದ್ರಾವತಿಯ ಬಸ್ಸಿನಲ್ಲಿ ನಿಂತೇ ಬಂದೆ.
ನೋಟ್ಸಿನ ಹಾಳೆಯಲ್ಲಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ.
ಅರವತ್ತು ನಿಮಿಷ. ಹನ್ನೆರಡು ಹಾಡು.
ಹದಿಮೂರನೆಯದನ್ನೂ ಸೇರಿಸಿದೆ, ಹಿಡಿಸಿದರೆ ಹಿಡಿಸಲಿ ಅಂತ.
'ಹಿಡಿಸಲ್ಲ ಸಿಸ್ಟರ್' ಅಂದ ಇಮ್ತಿಯಾಜ್.
ನಾನಿನ್ನೂ ಸಿಸ್ಟರ್ ಆಗಿರಲಿಲ್ಲ, ನರ್ಸಿಂಗ್ ಮೊದಲ ವರ್ಷ.
ಹೆಸರು ಗೊತ್ತಿಲ್ಲದ ಹಾಡುಗಳನ್ನು ಗುನುಗಿ ತೋರಿಸಿದೆ.
ಟೈಲರ್ ಮಿಷನ್ ನಿಲ್ಲಿಸಿ ಕೇಳಿದ.

ಎ ಸೈಡಿನ ಮೊದಲಿಗೇ ಒಬ್ಬಳು ಅಳುತ್ತಾಳೆ
ಅವನ ಫೋನು ಬರಲಿಲ್ಲವಂತೆ.
ನಮ್ಮ ಕ್ವಾರ್ಟರ್ಸಿನ ನಾಲ್ಕು ಸಾಲು ಮನೆಗೂ ಒಂದೇ ಫೋನು,
ಅದು ಹೊಡಕೊಂಡರೆ ಯಾರೋ ತೀರಿಕೊಂಡಿರಬೇಕು.
ಬಾರದ ಫೋನಿಗೆ ಅಳುವವಳು
ಎಂಥ ಸುಖಿ ಮಾರಾಯ್ರೆ, ಅನಿಸುತ್ತಿತ್ತು.
ಆದರೂ ಅವಳ ಜೊತೆ ಅತ್ತೆ, ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ,
ಯಾವನ ಫೋನಿಗೂ ಕಾಯದೆ.

ಐದನೆಯದು ಮೂಗಿನಲ್ಲಿ ಹಾಡುವವನದು.
ಗಿಟಾರು, ಅದರ ಹಿಂದೆ ಕುದುರೆ ನಡೆದ ಹಾಗೊಂದು ಸದ್ದು.
ಹೆಂಡತಿ ಬಿಟ್ಟು ಹೋಗಿದ್ದಾಳೆ. ನಾಯಿಯೂ. ಲಾರಿ ಕೆಟ್ಟಿದೆ.
ಪಕ್ಕದ ಮನೆಯ ಆರೋಗ್ಯಸ್ವಾಮಿ, ಅದಿರಿನ ಲಾರಿಯ ಡ್ರೈವರು,
ಕಾಂಪೌಂಡಿಗೆ ಮೊಣಕೈ ಊರಿ ಪೂರ್ತಿ ಕೇಳಿ
'ಇವ ನಮ್ಮೋನೇ ಕಣಮ್ಮಾ' ಅಂದರು.
ಒಂದಕ್ಷರ ಇಂಗ್ಲಿಷ್ ಬಾರದು.
ನಾನೂ ಅರ್ಥ ಹೇಳಹೋಗಲಿಲ್ಲ.
ನನಗೇ ಒಂದು ಸಾಲು 'ಹೋಗೇ ಮಾರಾಯ್ತಿ' ಅಂತ ಕೇಳುತ್ತಿತ್ತು.
ಈಗಲೂ ಹಾಗೇ ಹಾಡುತ್ತೇನೆ.

ಬಿ ಸೈಡು ಪೂರ್ತಿ ಡ್ಯಾನ್ಸು.
ರೋಲಿಂಗ್ ಮಿಲ್ಲು ಅಪ್ಪನ ಎಡಗಿವಿ ತಿಂದಿತ್ತು, ಬಲಗಿವಿ ಅರ್ಧ.
ಅಳುವವಳು ಕೇಳಿಸಳು, ಲಾರಿಯವನು ಕೇಳಿಸನು.
ಕ್ಯಾಸೆಟ್ಟು ಮಗುಚಿ ಹಾಕಿದರೆ ಮಾತ್ರ
ಬೀಡಿ ಪಕ್ಕಕ್ಕಿಟ್ಟು
ಸ್ಪೀಕರಿನ ಬಲೆಗೆ ಅಂಗೈ ಒತ್ತಿ ಕೂರುತ್ತಿದ್ದರು,
ಹಸುವಿನ ಹೊಟ್ಟೆ ಮುಟ್ಟಿ ಕರು ಹೊರಳುವುದನ್ನು ನೋಡುವವರಂತೆ.
ನಾಡಿ ಹಿಡಿಯಲು ಕಲಿತ ಹೊಸತು ನನಗೆ.
ಇನ್ನೊಂದು ಕೈ ಹಿಡಿದು ಎಣಿಸಿದೆ:
ಅಪ್ಪ ಎಂಬತ್ತೆರಡು, ಹಾಡು ನೂರಿಪ್ಪತ್ತು.
ಎರಡೂ ಎಲ್ಲೂ ಕೂಡಲಿಲ್ಲ.
ಅವರ ಕಾಲಿನ ಹೆಬ್ಬೆರಳು ಮಾತ್ರ ಹಾಡಿನ ಕಡೆಗಿತ್ತು.
'ಜೆಸಿಂತಾ, ಇನ್ನೊಂದ್ಸಲ ಹಾಕು.'

ಕೊನೆಗೆ ಆ ಹದಿಮೂರನೆಯದು.
ಡ್ರಮ್ಮು ನಿಲ್ಲುತ್ತದೆ. ಅವಳು ಉಸಿರೆಳೆದು
ಅವನನ್ನು ಏನೋ ಕೇಳಲು ಬಾಯಿ ತೆರೆಯುತ್ತಾಳೆ
ಟಕ್.
ಬಟನ್ನು ಮೇಲೆ ಹಾರುತ್ತದೆ.
ಏನು ಕೇಳಿರಬಹುದು? ನನ್ನ ಹತ್ತಿರ ನೂರು ಪ್ರಶ್ನೆಗಳಿದ್ದವು.
ಒಂದೊಂದು ವಯಸ್ಸಿನಲ್ಲಿ ಒಂದೊಂದನ್ನು
ಅವಳ ಬಾಯಲ್ಲಿ ಇಟ್ಟು ನೋಡಿದೆ.

ಮೊನ್ನೆ ತಂಗಿಯ ಮಗ ಅದನ್ನು ಫೋನಿನಲ್ಲಿ ಹುಡುಕಿ ಕೊಟ್ಟ,
ಐದೇ ನಿಮಿಷಕ್ಕೆ.
ಅವಳು ಕೇಳಿದ್ದು, ಇನ್ನೊಮ್ಮೆ ಕುಣಿಯೋಣವಾ ಅಂತ. ಅಷ್ಟೇ.
ಆಮೇಲೆ ಮಕ್ಕಳ ಕೋರಸ್ಸು, ಒಂದಿಷ್ಟು ಲಾ ಲಾ ಲಾ.
ಚೆನ್ನಾಗಿದೆ ಅಂದೆ. ಫೋನು ಹಿಂದಕ್ಕೆ ಕೊಟ್ಟೆ.

ಮೆಗ್ಗಾನಿನಲ್ಲಿ ನನಗೆ ಈಗ ಕೊನೆಯ ವರ್ಷದ ರಾತ್ರಿ ಪಾಳಿ.
ಹನ್ನೊಂದನೇ ಬೆಡ್ಡಿನ ಅಜ್ಜಿಗೆ ನಿದ್ದೆ ಇಲ್ಲ.
ಡ್ರಿಪ್ಪು ಸರಿಮಾಡುತ್ತಾ ಗುನುಗುತ್ತಿದ್ದೆನಂತೆ,
ಅದೇ ಜಾಗಕ್ಕೆ ಬಂದು ನಿಂತುಬಿಟ್ಟೆನಂತೆ.
'ಮುಂದಕ್ಕೆ?' ಅಂದಿತು ಅಜ್ಜಿ.
ಗೊತ್ತಿಲ್ಲಜ್ಜಿ, ಅಂದೆ. ಸುಳ್ಳು.
ಬಾಟಲಿಯಲ್ಲಿ ಇನ್ನೂ ಕಾಲು ಭಾಗ ಗ್ಲೂಕೋಸಿತ್ತು.
ಮೊದಲಿಂದ ಶುರುಮಾಡಿದೆ.