ಟಿಕೆಟ್ಟಿನ ಹಿಂದೆ

ಮೂವತ್ತೊಂದು ವರ್ಷ ಮೈಸೂರು–ಮಳವಳ್ಳಿ ರೂಟು.
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟು,
ಕಿವಿಯ ಮೇಲೆ ಪೆನ್ನು, ಕಂಕುಳಲ್ಲಿ ಚರ್ಮದ ಚೀಲ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ
ಬರೆದು ಕೊಡುತ್ತಿದ್ದೆ: ಎಂಟು. ಹದಿಮೂರು. ನಲವತ್ತು.
ಸುತ್ತ ಒಂದು ಸೊನ್ನೆ, ಮರೆಯಬಾರದೆಂದು.
ಇಳಿಯುವಾಗ ಇಸ್ಕೊಳ್ಳಿ ಅನ್ನುತ್ತಿದ್ದೆ.
ಇಸ್ಕೊಂಡವರೇ ಹೆಚ್ಚು.

ಒಬ್ಬಳು ಇಸ್ಕೊಳ್ಳಲಿಲ್ಲ.
ಕಿರುಗಾವಲಿನಲ್ಲಿ ಇಳಿದಳು, ಸೊಂಟಕ್ಕೆ ಖಾಲಿ ಮಂಕರಿ,
ಇನ್ನೊಂದು ಕೈಯಲ್ಲಿ ನಿದ್ದೆಗಣ್ಣಿನ ಮಗು.
ಹದಿನೇಳು ರೂಪಾಯಿ. ನನಗೆ ನೆನಪಿತ್ತು.
ಕರೆಯಲೆಂದೇ ಬಾಯಿ ತೆರೆದೆ;
ಹೊರಗೆ ಬಂದದ್ದು, ರೈಟ್.
ಮಳವಳ್ಳಿ ಸ್ಟ್ಯಾಂಡಿನಲ್ಲಿ ಆ ದುಡ್ಡಿಗೆ
ಎರಡು ವಡೆ, ಒಂದು ಕಾಫಿ.
ವಡೆ ಚೆನ್ನಾಗಿತ್ತು. ಅದೇ ಕಷ್ಟ.

ದೊಡ್ಡ ತಪ್ಪುಗಳಿಗೆ ಮೆಮೊ ಇತ್ತು, ಎನ್‌ಕ್ವೈರಿ ಇತ್ತು,
ಒಮ್ಮೆ ಹದಿನೈದು ದಿನ ಸಸ್ಪೆಂಡೂ ಆಗಿದ್ದೆ.
ಅವೆಲ್ಲ ಫೈಲಿನ ಜೊತೆ ಮುಗಿದುಹೋದವು.
ಹದಿನೇಳು ಮುಗಿಯಲಿಲ್ಲ.
ರಿಟೈರಾದ ಮೇಲೆ, ಗಾಯತ್ರಿಪುರದ ಮನೆಯಲ್ಲಿ,
ರಾತ್ರಿ ಎರಡಕ್ಕೆ ಎಚ್ಚರವಾದರೆ
ಫ್ಯಾನಿನ ಸದ್ದಿನೊಳಗಿಂದ ಯಾರೋ ಇಳಿದು ಹೋಗುತ್ತಿದ್ದರು.

ಡಾಕ್ಟರು ನಡೆಯಿರಿ ಅಂದರು.
ಕಾರಂಜಿ ಕೆರೆಯ ದಡದಲ್ಲಿ ಬೆವರುವಷ್ಟು ನಡೆದೆ.
ಯೋಗದ ಮೇಷ್ಟರು ಉಸಿರು ಎಣಿಸಿ ಅಂದರು.
ಎಣಿಸಿದೆ, ಹದಿನೇಳಕ್ಕೆ ನಿಂತೆ.
ಸಾಕಮ್ಮ ಮಗ್ಗುಲಾದಳು:
"ಹೋಗಿ ಕೊಟ್ಟು ಬಂದ್ಬುಡಿ ಅತ್ಲಾಗೆ."

ಹೋದೆ. ಈಗ ಹೆಂಗಸರಿಗೆ ಸೊನ್ನೆ ಟಿಕೆಟ್ಟು,
ಮೆಷೀನು ಉಗುಳುವ ತೆಳು ಕಾಗದ,
ಹಿಂದೆ ಬರೆಯಲು ಬಾಕಿಯೇ ಇಲ್ಲ.
ಹುಡುಗ ಕಂಡಕ್ಟರು ನನ್ನ ಗುರುತು ಹಿಡಿಯಲಿಲ್ಲ.
ಅದೂ ಒಳ್ಳೆಯದೇ ಆಯಿತು.

ಕಿರುಗಾವಲಿನಲ್ಲಿ ಯಾರೆಂದು ಕೇಳಲಿ?
ಹೆಸರು ಗೊತ್ತಿಲ್ಲ. ಮುಖ ನೆನಪಿಲ್ಲ. ಮಂಕರಿ ನೆನಪಿದೆ.
ಸ್ಟಾಪಿನ ಪಕ್ಕ ಸೌತೆಕಾಯಿ ಸೀಳುತ್ತಿದ್ದ ಮುದುಕಿ
ಪೂರಾ ಕೇಳಿಸಿಕೊಂಡು, ಖಾರದ ಕೈ ಸೆರಗಿಗೊರೆಸಿ, ನಕ್ಕಳು:
"ಹದ್ನೇಳ್ ರುಪಾಯ್ ಕೊಡಕ್ಕೆ ಅಷ್ಟೊಂದ್ ಬಸ್‌ಚಾರ್ಜಾ?
ಅವ್ಳು ಅವತ್ತೇ ನಾಕು ಬೈದು ಮರ್ತಿರ್ತಾಳೆ ಕನಪ್ಪ.
ನೀನಿನ್ನೂ ಬಸ್ಸೊಳ್ಗೇ ಕುಂತಿದ್ದೀಯಲ್ಲ,
ಇಳಿ."

ಹದಿನೇಳು ರೂಪಾಯಿಗೆ ಸೌತೆಕಾಯಿ ಕೊಡವ್ವ ಅಂದೆ.
ನನ್ನದು ಇಪ್ಪತ್ತರ ನೋಟು; ಅವಳಲ್ಲಿ ಚಿಲ್ಲರೆ ಇಲ್ಲ.
"ಮೂರ್ ರುಪಾಯ್ ಮುಂದಿನ್ ಸಲ. ಬರ್ಕೊಡ್ಲಾ?"
ಬೇಡ ಅಂದೆ.
ಎಷ್ಟು ಸಲೀಸಾಗಿ ಬಂತು ಆ ಬೇಡ!
ಅವಳೂ ಇಷ್ಟೇ ಸಲೀಸಾಗಿ ಅಂದಿರಬಹುದೇ,
ಮಂಕರಿ ಇಳಿಸಿ, ಮಗುವನ್ನು ಮಲಗಿಸಿ,
ಸೆರಗಿನ ಗಂಟಲ್ಲಿ ಟಿಕೆಟ್ಟು ಸಿಕ್ಕಿದಾಗ?
ಗೊತ್ತಿಲ್ಲ. ಬೈದೇ ಇರಬಹುದು.

ವಾಪಸು ಬರುವಾಗ ಕಿಟಕಿ ಪಕ್ಕ ಕೂತೆ.
ಇದೇ ರೂಟಿನಲ್ಲಿ ನಾನು ಕಿಟಕಿ ಪಕ್ಕ ಕೂತದ್ದು ಅದೇ ಮೊದಲು.
ಜನರ ತಲೆ ಎಣಿಸುತ್ತಾ ಓಡಾಡಿದವನಿಗೆ
ರೋಡಿನ ಜೊತೆಗೆ ಅಷ್ಟು ದೂರ ನಾಲೆ ಬರುತ್ತದೆಂದು
ಯಾರೂ ಹೇಳಿರಲಿಲ್ಲ.
ನೀರು ತುಂಬಾ ಇತ್ತು. ಯಾವ ಆತುರವೂ ಇರಲಿಲ್ಲ.

ಬನ್ನೂರು ದಾಟಿದ ಮೇಲೆ, ಹಳೇ ಚಟ,
ಟಿಕೆಟ್ಟು ತಿರುಗಿಸಿ ಮೊಣಕಾಲ ಮೇಲಿಟ್ಟು ಬರೆದೆ.
ಸಾಕಮ್ಮನಿಗೆ: ಸಾರು ಚೆನ್ನಾಗಿದೆ ಎಂಬ ಮಾತು,
ಲೆಕ್ಕ ಸಿಗದಷ್ಟು ದಿನದ್ದು.
ತಮ್ಮ ಚಿಕ್ಕೀರನಿಗೆ: ಅವನ ಮಗಳ ಬೀಗರೂಟದಲ್ಲಿ
ನನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದನೆಂದು
ಬಡಿಸಿದ ಎಲೆ ಬಿಟ್ಟು ಎದ್ದು ಬಂದದ್ದು.
ಹನ್ನೊಂದು ವರ್ಷ.
ಸುತ್ತ ಸೊನ್ನೆ ಹಾಕಿದೆ.

ಮನೆಯಲ್ಲಿ ಸಾಕಮ್ಮ ಸೌತೆಕಾಯಿಯ ತುದಿ ಕೊಯ್ದು
ಕಹಿ ಹೋಗಲೆಂದು ಉಜ್ಜುತ್ತಿದ್ದಳು, ಬಿಳಿ ನೊರೆ ಬರುವವರೆಗೆ.
ನಾನು ನಂಬರು ಒತ್ತಿದೆ.
ಏಳು ಸಲ ರಿಂಗಾಯಿತು.
"ಅಣ್ಣ?" ಅಂದ ಅವನು. ಆಮೇಲೆ ಇಬ್ಬರೂ ಸುಮ್ಮನೆ.
ಗಂಟಲಲ್ಲಿ ಆ ರೈಟ್ ತಯಾರಾಗಿ ನಿಂತಿತ್ತು.
ನುಂಗಿಕೊಂಡೆ.
"ಏನಣ್ಣ, ಏನು ವಿಷ್ಯ?"

"ಏನಿಲ್ಲ ಕಣ್ಲಾ," ಅಂದೆ,
"ಚಿಲ್ಲರೆ ವಿಷ್ಯ."